ಕೆಂಪು ನೆಲದ ಹಸಿ ಹೆಜ್ಜೆ

ನಿಮ್ಮ ಸಿನಿಮಾದ ಮೊದಲ ದೃಶ್ಯ ನೋಡಿ ಜನ ನಕ್ಕರು ಎಂದು ನಿಮಗೆ ಹೇಳಿದವನು ನಾನು, ಸಾರ್. ಅದು ಸುಳ್ಳು. ಜನ ನಗಲಿಲ್ಲ. ನಗುವುದಕ್ಕೆ ಆ ದೃಶ್ಯವನ್ನು ನಾನು ಪರದೆಗೆ ಬಿಟ್ಟಿದ್ದರೆ ತಾನೆ.

ಮೈಸೂರಿನ ಲಷ್ಕರ್ ಮೊಹಲ್ಲಾದ ಆ ಟಾಕೀಸಿನಲ್ಲಿ ಆಗ ಸಿನಿಮಾ ಓಡಿಸುವ ಆಪರೇಟರ್ ಆಗಿದ್ದೆ. ನನ್ನ ಮುಖ ನಿಮಗೆ ನೆನಪಿಲ್ಲ. ಮೊನ್ನೆ ನಿಮ್ಮ ಶಿಷ್ಯೆ ಪಲ್ಲವಿಯ ತಾತ ಎಂದು ನನಗೆ ಕೈ ಮುಗಿದಿರಿ — ನಾನೂ ನಾಚಿಕೆಯಿಲ್ಲದೆ ತಿರುಗಿ ಮುಗಿದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಹೊರಟರೆ ಈ ನಾಲಿಗೆ ಎಲ್ಲಾದರೂ ಒಂದು ಕಡೆ ನುಣುಪು ಮಾಡಿಕೊಳ್ಳುತ್ತದೆ, ಅದರ ಯೋಗ್ಯತೆ ನನಗೆ ಗೊತ್ತು.

ನಮ್ಮ ಕಸುಬಿನಲ್ಲಿ ಒಂದು ಹೊಲಸು ಚಾಳಿ ಇತ್ತು. ಜಾಹೀರಾತಿನ ಸ್ಲೈಡುಗಳು ಜಾಸ್ತಿಯಾಗಿ ಹೊತ್ತು ಮೀರಿದರೆ ಆ ಹೊತ್ತನ್ನು ಸಿನಿಮಾದಲ್ಲಿ ಉಳಿಸುತ್ತಿದ್ದೆವು. ಹಾಡು ಮುಟ್ಟುವ ಹಾಗಿಲ್ಲ, ಫೈಟು ಮುಟ್ಟುವ ಹಾಗಿಲ್ಲ — ಮುಂದೆ ಗಾಂಧಿ ಕ್ಲಾಸಿನಲ್ಲಿ ಕೂತವರು ಕುರ್ಚಿ ಕಿತ್ತುಬಿಡುತ್ತಿದ್ದರು. ಉಳಿದದ್ದು ಶುರುವಿನ ಭಾಗ. ಆಗಿನ್ನೂ ಜನ ಸೀಟು ಹುಡುಕುತ್ತಿರುತ್ತಾರೆ, ಗೇಟಿನವನು ಬ್ಯಾಟರಿ ಬಿಡುತ್ತಿರುತ್ತಾನೆ. ಕತ್ತರಿಯೂ ಬೇಡ. ರೀಲನ್ನು ಹೆಸರುಗಳು ಬರುವವರೆಗೂ ಮುಂದಕ್ಕೆ ಸುತ್ತಿ, ಅಲ್ಲಿಂದ ಮೆಷೀನಿಗೆ ಕೊಟ್ಟರೆ ಮುಗಿಯಿತು. ಹೆಸರು ಬಂದಾಗಲೇ ಸಿನಿಮಾ ಶುರು ಎಂದುಕೊಂಡು ಜನ ಸುಮ್ಮನಿರುತ್ತಿದ್ದರು. ಯಾರೋ ವರ್ಷಗಟ್ಟಲೆ ಕೂತು ಕಟ್ಟಿದ್ದನ್ನು ಹೀಗೆ ಸುತ್ತಿ ಬಿಸಾಡಿ, ಟೀ ಅಂಗಡಿಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಸಿನಿಮಾದ ಗುಣದೋಷ ಹೇಳುತ್ತಿದ್ದವರು ನಾವು. ನೆನೆಸಿಕೊಂಡರೆ ಉಗಿಯಬೇಕು ಅನ್ನಿಸುತ್ತದೆ.

ನಿಮ್ಮ ಶುರು ಹೀಗಿತ್ತು. ಒಂದು ಹಳೇ ಮನೆ. ಕೆಂಪು ಗಾರೆಯ ನೆಲ. ಅದರ ಮೇಲೆ ಬಚ್ಚಲಿನಿಂದ ಒಳಕೋಣೆಗೆ ಹೋಗಿರುವ ಹಸಿ ಹೆಜ್ಜೆಗಳು. ಹೋದ ಹೆಜ್ಜೆ ಇವೆ, ಬಂದ ಹೆಜ್ಜೆ ಇಲ್ಲ. ಮಾತಿಲ್ಲ, ಸಂಗೀತವಿಲ್ಲ, ಮನುಷ್ಯರೂ ಇಲ್ಲ. ಫ್ಯಾನು ತಿರುಗುತ್ತದೆ, ಹೆಜ್ಜೆಗಳು ಒಂದೊಂದಾಗಿ ಒಣಗುತ್ತವೆ. ಕೊನೆಯದು ಆರಿದ ಮೇಲೆ ಹೊರಗೆ ಯಾರೋ ಬಾಗಿಲು ಬಡಿಯುತ್ತಾರೆ — ಪೊಲೀಸರು. ಹೆಸರುಗಳು ಬರುವುದು ಆಮೇಲೆ.

ಅದು ಏನು ಕೆಲಸ ಮಾಡುತ್ತದೆ ಎಂದು ನನಗೆ ಈಗ ಅರ್ಥವಾಗಿದೆ. ಪೊಲೀಸರು ಕಾಣದ್ದನ್ನು ನೋಡುವವನು ಕಂಡಿರುತ್ತಾನೆ. ಸಾಕ್ಷಿ ಅವನ ಕಣ್ಣೆದುರೇ ಒಣಗಿಹೋಗಿದೆ, ಅವನ ಮಾತು ಪರದೆಯೊಳಗಿನವರಿಗೆ ಕೇಳಿಸುವುದಿಲ್ಲ. ಮನೆಯವನು "ಆ ಕೋಣೆಗೆ ಬೆಳಿಗ್ಗೆಯಿಂದ ಯಾರೂ ಹೋಗಿಲ್ಲ" ಅಂದಾಗ ಸುಳ್ಳು ಎಂದು ಕೂಗಬೇಕು ಅನ್ನಿಸುತ್ತದೆ. ಆ ಶುರು ತೆಗೆದುಬಿಟ್ಟರೆ? ಯಾರೋ ಪೊಲೀಸರು ಯಾರದೋ ಮನೆಯಲ್ಲಿ ಓಡಾಡುತ್ತಿದ್ದಾರೆ, ಅಷ್ಟೇ. ಜನ ಆಕಳಿಸದೆ ಇನ್ನೇನು ಮಾಡುತ್ತಾರೆ.

ನಿಮ್ಮ ಸಿನಿಮಾ ಬಿಡುಗಡೆಯಾದ ಆ ಶುಕ್ರವಾರ ಹೊತ್ತು ಮೀರಿತ್ತೇ ಎಂದರೆ — ಇಲ್ಲ. ಯಾರಾದರೂ ಹೇಳಿದರೇ ಎಂದರೆ ಅದೂ ಇಲ್ಲ. ಓದಿದವನು, ನೆಲ ತೋರಿಸಿ ದೊಡ್ಡವನಾಗಲು ಬಂದಿದ್ದಾನೆ ಎಂಬ ತಾತ್ಸಾರ ನನಗೆ.

ಭಯಕ್ಕೆ ನೀವು ಒಳಗೇ ಬಂದಿರಲಿಲ್ಲ. ಗೇಟಿನ ಹತ್ತಿರ ನಿಂತಿದ್ದವರು ಇಂಟರ್ವಲ್ಲಿನಲ್ಲಿ ಹೊರಬಂದ ಜನರ ಮುಖ ನೋಡಿ ನನ್ನ ಕ್ಯಾಬಿನ್ನಿಗೆ ಓಡಿ ಬಂದಿರಿ.

"ಹೆಜ್ಜೆ ಸೀನು ಬಂದಾಗ ಜನ ಹೆಂಗಿದ್ರಪ್ಪಾ?"

"ನಕ್ಬುಟ್ರು ಸಾರ್. ನೆಲ ಒರ್ಸೋಕ್ ಯಾರೂ ಇಲ್ವೇನೋ ಅಂತ ಕೂಗಿದ್ರು."

ಆ ಕೂಗಿನ ಮಾತು ಕೂಡ ನನ್ನದೇ, ಸಾರ್. ಅಲ್ಲೇ ನಿಂತು ಹೊಸೆದದ್ದು. ನೀವು "ಓ" ಅಂದಿರಿ. ಮೆಟ್ಟಿಲು ಇಳಿದು ಹೋದಿರಿ, ಆ ಟಾಕೀಸಿಗೆ ಮತ್ತೆ ಬರಲಿಲ್ಲ. ಇಲ್ಲಿ ಓಡಿದರೆ ಬೇರೆ ಊರು ನೋಡೋಣ ಅಂದಿದ್ದ ಹಂಚಿಕೆದಾರ ಸೋಮವಾರವೇ ರೀಲಿನ ಡಬ್ಬ ಎತ್ತಿಕೊಂಡು ಹೋದ. ಇನ್ನೊಂದು ಸಿನಿಮಾ ನೀವು ಮಾಡಲಿಲ್ಲ.

ಇಷ್ಟು ವರ್ಷ ನನಗೆ ಅದು ನೆನಪಾಗಿ ಊಟ ಬಿಟ್ಟಿದ್ದುಂಟೇ? ಇಲ್ಲ. ಚೆನ್ನಾಗಿಯೇ ಉಂಡೆ.

ನೆನಪಾದದ್ದು ಮೊಮ್ಮಗಳಿಂದ. ಕಾಲೇಜಿನಲ್ಲಿ ಸಿನಿಮಾ ಕಲಿಯುವ ನಮ್ಮ ಪಲ್ಲವಿ ಒಂದು ಚಿಕ್ಕ ಥ್ರಿಲ್ಲರ್ ಮಾಡಿದಳು. ನಿಲ್ಲಿಸಿದ ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯೊಳಗೆ ಫೋನು ರಿಂಗಾಗುತ್ತದೆ, ನಿಲ್ಲುತ್ತದೆ, ಮತ್ತೆ ರಿಂಗಾಗುತ್ತದೆ. ಉದಯಗಿರಿಯ ಬೀದಿಯಲ್ಲಿ ಹೋಗುವವರು ಒಮ್ಮೆ ತಿರುಗಿ ನೋಡಿ ಹೋಗುತ್ತಾರೆ. ಅದೇ ಅವಳ ಶುರು. ಒಂದು ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದಳು.

"ನಮ್ ಸಾರು ಇದನ್ನ ತೆಗ್ದಾಕು ಅಂತಾರೆ ತಾತ. ಅವ್ರೂ ಹಿಂಗೇ ಒಂದ್ ಮಾಡಿದ್ರಂತೆ, ಒಣಗೋ ಹೆಜ್ಜೆ ತೋರ್ಸಿ. ಮೈಸೂರಲ್ಲೇ ಜನ ನಕ್ಬುಟ್ರಂತೆ."

ನಾನು ಆಡಿದ ಸುಳ್ಳು ನಿಮ್ಮ ಪಾಠವಾಗಿ ನನ್ನ ಮನೆಗೇ ಬಂದು ಕೂತಿತ್ತು. ಆಗಲಾದರೂ ಬಾಯಿ ಬಿಟ್ಟೆನೇ?

"ನಿಂಗ್ ತೋಚಿದ್ದು ಮಾಡು ಕಣಮ್ಮ" ಅಂದೆ. ಹೇಡಿಯ ಆಶೀರ್ವಾದ.

ಹಟಮಾರಿ, ಅವಳು ತೆಗೆಯಲಿಲ್ಲ. ಮೊನ್ನೆ ಅದನ್ನು ತೋರಿಸಿದಾಗ ನೀವೂ ಇದ್ದಿರಲ್ಲ ಕಾಲೇಜಿನ ಸಭಾಂಗಣದಲ್ಲಿ. ಆ ಫೋನು ಎರಡನೇ ಸಲ ರಿಂಗಾದಾಗ ಒಬ್ಬರೂ ಕೆಮ್ಮಲಿಲ್ಲ. ಮೂರನೇ ಸಲಕ್ಕೆ ನನ್ನ ಪಕ್ಕದ ಹೆಂಗಸು ತನ್ನ ಸೆರಗನ್ನೇ ಹಿಡಿದು ಹಿಂಡುತ್ತಿದ್ದರು. ಬೆಳಕು ಬಂದಾಗ ಚಪ್ಪಾಳೆ — ನನ್ನ ಮಗುವಿಗೆ, ನಮ್ಮನೆ ಕೂಸಿಗೆ. ಕಣ್ಣೀರು ಗಡ್ಡಕ್ಕೆ ಇಳಿದದ್ದೂ ತಿಳಿಯಲಿಲ್ಲ. ಇಂಥ ಸಂತೋಷ ಈ ಜನ್ಮದಲ್ಲಿ ಕಂಡಿರಲಿಲ್ಲ ಸಾರ್. ಈ ಸಾಲು ಬರೆಯುವಾಗಲೂ ಎದೆ ಉಕ್ಕುತ್ತಿದೆ, ಏನು ಮಾಡಲಿ, ತಡೆಯಲಾಗುತ್ತಿಲ್ಲ.

ಆಗ ನೀವು ವೇದಿಕೆ ಹತ್ತಿ ಅಂದಿರಿ: "ಈ ವಿದ್ಯೆ ನನ್ನ ಕೈಗೆ ಒಲೀಲಿಲ್ಲ. ಈ ಹುಡುಗಿ ಕೈಗೆ ಒಲಿದಿದೆ."

ನಿಮ್ಮ ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದೆ. ನನ್ನಂಥವನಿಗೆ ಬೇರೆ ಏನು ಹುಡುಕಲು ಬರುತ್ತದೆ. ಇರಲಿಲ್ಲ. ನಿಜವಾಗಿಯೂ ಹಾಗೆಯೇ ನಂಬಿದ್ದಿರಿ. ಕೈಲಾಗದವನು ನಾನು ಎಂದು ಇಷ್ಟು ವರ್ಷ ನಂಬಿಕೊಂಡೇ ಪಾಠ ಹೇಳಿದ್ದಿರಿ.

ಇವತ್ತು ಬೆಳಿಗ್ಗೆ ಪಲ್ಲವಿಗೆ ಎಲ್ಲ ಹೇಳಿದೆ.

"ಅವ್ರಿಗೆ ನಾನ್ ಹೇಳಲ್ಲ. ನೀನೇ ಹೋಗಿ ಹೇಳು" ಅಂದಳು. ಮತ್ತೆ, "ಈಗ ನನ್ನ ಮಾತಾಡಿಸ್ಬೇಡ ತಾತ."

ಆಗಲಿ ಎಂದೆ. ನಜರ್‌ಬಾದಿನ ನಿಮ್ಮ ಮನೆಗೆ ಸಂಜೆ ಈ ಕಾಗದ ಹಿಡಿದು ಒಬ್ಬನೇ ಬರುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೊಡುವ ಸಂಕಟಕ್ಕೆ ನಿಮ್ಮನ್ನು ಯಾಕೆ ಸಿಕ್ಕಿಸಲಿ. ನಿಮಗೆ ಸೇರಬೇಕಾದ ಒಂದು ಸಂಗತಿ ಉಳಿದಿದೆ, ಅದನ್ನು ಇಲ್ಲೇ ಒಪ್ಪಿಸುತ್ತೇನೆ.

ಡಬ್ಬ ಬಂದ ಗುರುವಾರ ಮಧ್ಯಾಹ್ನ, ಖಾಲಿ ಟಾಕೀಸಿನಲ್ಲಿ, ರೀಲು ಸರಿಯಿದೆಯೇ ಎಂದು ನಾನೊಬ್ಬನೇ ಓಡಿಸಿ ನೋಡಿದ್ದೆ. ಹೆಜ್ಜೆಗಳು ಆರುತ್ತಾ ಹೋದವು. ಮ್ಯಾನೇಜರ್ ಕೆಳಗಿನಿಂದ ಕೂಗುತ್ತಿದ್ದರು, ಕೇಳಿಸುತ್ತಿತ್ತು, ಆದರೆ ಕ್ಯಾಬಿನ್ನಿನ ಕಿಂಡಿಯಿಂದ ಕಣ್ಣು ಕೀಳಲಾಗಲಿಲ್ಲ. ಕೊನೆಯ ಹೆಜ್ಜೆ ಆರಿ ಬಾಗಿಲು ಬಡಿದಾಗ ನಾನು ಹಿಂದಕ್ಕೆ ತಿರುಗಿ ಕ್ಯಾಬಿನ್ನಿನ ಬಾಗಿಲು ನೋಡಿದೆ, ಸಾರ್.