ಕೆಂಪವ್ವ ಜೀಪಿಗೆ ಹಾಕಿದ ಎಣ್ಣೆ

ಕೆಂಪವ್ವ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಬೀಳಗಿ ಕಡೆಯಿಂದ ಬನಹಟ್ಟಿಯ ಈ ಮಗ್ಗದ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಆಕೆಗೆ ಮೊದಲು ಕಲಿಸಿದ್ದು ಮಗ್ಗಕ್ಕೆ ಎಣ್ಣೆ ಬಿಡುವ ಕೆಲಸ. ಕೊಕ್ಕಿನ ಎಣ್ಣೆಡಬ್ಬಿ ಹಿಡಿದಳೆಂದರೆ ಮಗ್ಗಕ್ಕೆ ಬಿಟ್ಟು ಸುಮ್ಮನಾಗುವವಳಲ್ಲ. ಬಾಗಿಲ ಕೀಲು, ತೊಟ್ಟಿಲ ಕೊಂಡಿ, ಓಣಿಯ ಮಕ್ಕಳ ಸೈಕಲ್ ಚೈನು, ಎಲ್ಲಿ ಕಿರ್ ಎಂದರೂ ಅಲ್ಲಿ ಹಾಜರು. ಓಣಿಯವರು 'ಎಣ್ಣಿ ಕೆಂಪವ್ವ' ಎಂದೇ ಕರೆದರು. "ಕಬ್ಬಿಣಕ್ಕ ಬಾಯಿಲ್ಲ, ನಾವಽ ತಿಳಕೋಬೇಕು," ಎಂದು ನಗುತ್ತಿದ್ದಳು.

ನಮ್ಮ ಗಂಡಂದಿರು ತೀರಿಕೊಂಡ ಮೇಲೆ ಮನೆ ನಡೆಸುವವನು ಆಕೆಯ ಮಗ ಶಿವಯೋಗೆಪ್ಪ. ರನ್ನ ಬೆಳಗಲಿಯಲ್ಲಿ ನಮ್ಮ ಕಬ್ಬಿನ ಹೊಲವಿದೆ. ಮಳೆಯಾದರೆ ಆ ಎರೆಮಣ್ಣಿನ ದಾರಿಯಲ್ಲಿ ಮೋಟರ್‌ಸೈಕಲ್ ಹೂತೇ ಹೋಗುತ್ತದೆ. ಅದಕ್ಕೆಂದು ನಾಲ್ಕೂ ಗಾಲಿ ಎಳೆಯುವ ಹಳೆಯ ಜೀಪು ಇಟ್ಟುಕೊಂಡಿದ್ದ. ಓಡಿಸುವವನು ಆ ಊರಿನವನೇ ಆದ ಲಗಮಪ್ಪ. ಜೀಪಿಗೆ ವಯಸ್ಸಾಗಿತ್ತು, ಎಣ್ಣೆ ಕುಡಿಯುತ್ತಿತ್ತು. ಲಗಮಪ್ಪ ಎಣ್ಣೆ ತರಬೇಕೆಂದಾಗಲೆಲ್ಲ ಶಿವಯೋಗೆಪ್ಪನಿಗೆ ಸಿಡುಕು.

"ಮೊನ್ನೆ ತಂದಿದ್ದು ಎಲ್ಲಿ ಹೋತು? ಜೀಪು ಕುಡೀತೋ, ನೀ ಕುಡದ್ಯೋ?"

"ನಾ ಕುಡಿಯೂದು ಬ್ಯಾರೇನ ಐತಲ್ರೀ ಧಣ್ಯಾರ," ಎಂದು ಲಗಮಪ್ಪ ನಗುತ್ತಿದ್ದ. ಆ ನಗೆಯ ಕೆಳಗಿನ ನೋವು ಕೆಂಪವ್ವನಿಗೆ ಕಾಣುತ್ತಿತ್ತು.

ಅವನು ಎಂಜಿನ್ನಿನ ಅಳತೆಕಡ್ಡಿ ಎಳೆದು ಎಣ್ಣೆ ನೋಡುವುದನ್ನೂ, ಮುಚ್ಚಳ ತೆಗೆದು ಸುರಿಯುವುದನ್ನೂ ಆಕೆ ಎಷ್ಟೋ ಸಲ ನೋಡಿದ್ದಳು. ಒಂದು ಮುಂಜಾನೆ ಅವನು ಬರುವ ಮೊದಲು ತಾನೇ ಕಡ್ಡಿ ಎಳೆದಳು. ಎಣ್ಣೆ ಕಡಿಮೆಯಿತ್ತು. ಮಗ್ಗದ ಎಣ್ಣೆ ಸುರಿದಳು. ಹಗಲಿಡೀ ಮಗ್ಗ ತಿರುಗಿಸುವ ಎಣ್ಣೆ ಜೀಪಿಗೇನು ಕೇಡು ಮಾಡೀತು? ಪಾಪ, ಅವನು ಬೈಸಿಕೊಳ್ಳುವುದಾದರೂ ತಪ್ಪಲಿ. ಆಮೇಲೆ ಅದೇ ರೂಢಿಯಾಯಿತು. ಉಪಕಾರವನ್ನು ಹೇಳಿಕೊಂಡು ಮಾಡಬಾರದೆಂದು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.

ಲಗಮಪ್ಪನಿಗೋ ಹಿಗ್ಗು. "ಅವ್ವಾರ, ನಮ್ಮ ಜೀಪು ಎಣ್ಣಿ ಬಿಟ್ಟೈತಿ ನೋಡ್ರಿ! ನಿಮ್ಮ ಸಂಗತೀಲೆ ಅದೂ ಸೋಮವಾರದ ಉಪಾಸ ಹಿಡದೈತಿ!"

ಈ ಶ್ರಾವಣದಲ್ಲಿ ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆ ಜಮಖಂಡಿಗೆ ಹೊರಟೆವು. ಮುಂದೆ ಲಗಮಪ್ಪ, ಶಿವಯೋಗೆಪ್ಪ, ಹಿಂದೆ ನಾವಿಬ್ಬರು. ಊರು ಹತ್ತಿರವಾದಾಗ ಎಂಜಿನ್ನಿನ ಹೊಟ್ಟೆಯಲ್ಲಿ ಯಾರೋ ಸುತ್ತಿಗೆ ಬಡಿದಂತೆ ಟಕಟಕ ಶುರುವಾಯಿತು. ಹೇಗೋ ಮೆಲ್ಲಗೆ ಬಂಡು ಮಿಸ್ತ್ರಿಯ ಗ್ಯಾರೇಜು ಮುಟ್ಟಿಸಿದರು. ನಮಗೆ ಬೇವಿನ ಮರದ ಕೆಳಗೆ ಒಂದು ಬೆಂಚು ಹಾಕಿಕೊಟ್ಟರು.

ಬಂಡು ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿ ಹಚ್ಚಿ ಕೇಳಿದ. ವೇಗ ಕೊಡಿಸಿದಾಗ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಎಣ್ಣೆಯ ಮುಚ್ಚಳ ತೆಗೆದರೆ ಅಲ್ಲಿಂದಲೂ ಬುಸುಬುಸು ಹೊಗೆ.

"ಪಿಸ್ಟನ್ನಿನ ರಿಂಗ್ ಸವದಾವ್ರೀ. ಎಣ್ಣಿ ಸುಟಗೋತ ಹೊಂಟೈತಿ. ಅದು ವಯಸ್ಸಿನ ಜಡ್ಡು, ಯಾರ ತಪ್ಪೂ ಅಲ್ಲ," ಎಂದ. ಆಮೇಲೆ ಕಡ್ಡಿ ಎಳೆದು ನೋಡಿ ಹುಬ್ಬು ಗಂಟಿಕ್ಕಿದ. "ಎಣ್ಣಿ ತುಂಬಿಕೊಂಡು ಐತಲ್ಲ! ಇದ್ಹೆಂಗ?"

"ಭಾಳ ದಿನಾ ಆತ್ರೀ, ನಾ ಒಂದು ಹನಿ ಹಾಕಿಲ್ಲ," ಎಂದ ಲಗಮಪ್ಪ ಹೆಮ್ಮೆಯಿಂದ.

"ಲೇ ಹುಚ್ಚಪ್ಪಾ, ಇಷ್ಟು ಹೊಗಿ ಉಗುಳೂ ಗಾಡಿ ಎಣ್ಣಿ ಕುಡಿಯಂಗಿಲ್ಲಂದ್ರ, ಯಾರೋ ಹಾಕಾಕತ್ತಾರ."

ಬಂಡು ಎಣ್ಣೆಯನ್ನು ಬೆರಳ ನಡುವೆ ಹೊಸೆದ, ಜಿಗುಟೇ ಇರಲಿಲ್ಲ. ಡೀಸೆಲ್ ಇಳಿದು ಬೆರೆತಿದೆಯೇನೋ ಎಂದು ಮೂಸಿದ. ಆ ವಾಸನೆ ಇಲ್ಲ. ಕೆಳಗೆ ಬೋಗುಣಿ ಇಟ್ಟು ಎಣ್ಣೆ ಬಿಟ್ಟರೆ ನೀರಿನಂತೆ ಇಳಿಯಿತು, ಅದರಲ್ಲಿ ಮಿಣಮಿಣ ಲೋಹದ ಪುಡಿ. ಅಡಿಯ ಭಾಗ ಬಿಚ್ಚಿಸಿ ಒಂದು ಬೇರಿಂಗ್ ತಂದು ತೋರಿಸಿದ. ಮೇಲಿನ ಬೂದು ಪದರ ಸವೆದು ತಾಮ್ರ ಕಾಣುತ್ತಿತ್ತು.

"ಇದು ವಯಸ್ಸಿನ ಜಡ್ಡಲ್ಲ. ತೆಳ್ಳನ ಎಣ್ಣಿ ಹಾಕಿ ಬೇರಿಂಗ್ ಸವಿಸ್ಯಾರ. ಛಲೋ ಎಣ್ಣಿ ಮಾರಕೊಂಡು ಇಂಥಾದ್ದು ಸುರಿಯೂ ಡ್ರೈವರ್ ಮಂದಿ ಭಾಳ ಅದಾರ್ರೀ."

ಕೆಲಸ ಮಾಡುತ್ತಿದ್ದವರೆಲ್ಲ ತಿರುಗಿ ಲಗಮಪ್ಪನನ್ನು ನೋಡಿದರು. ಶಿವಯೋಗೆಪ್ಪ ಕೈ ಚಾಚಿದ. "ಕೀಲಿ ಕೊಡು."

"ಧಣ್ಯಾರ, ಮಕ್ಕಳ ಆಣಿ, ನಾ ಮುಟ್ಟಿಲ್ಲ. ಅವ್ವಾರನ್ನ ಕೇಳ್ರಿ, ನಾ ಎಂಥಾವ ಅಂತ ಅವರಿಗೆ ಗೊತ್ತೈತಿ."

ಕೆಂಪವ್ವ ಬೋಗುಣಿಯನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು, ಸೆರಗು ಎಳೆದು ಮುಚ್ಚಿಕೊಂಡಳು. ಲಗಮಪ್ಪ ಆಕೆಯ ಮುಖ ನೋಡಿ, ಕೀಲಿ ಇಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮನೆಗೆ ಬಂದ ಮೇಲೆ ನನ್ನ ಕೈ ಹಿಡಿದಳು. "ತಂಗೀ, ಆ ಎಣ್ಣಿ ನಾ ಹಾಕೀನಿ."

"ಅಲ್ಲೇ ಯಾಕ ಹೇಳಲಿಲ್ಲಬೇ ಅಕ್ಕಾ?"

"ಅಷ್ಟು ಗಂಡಸರ ಮುಂದ ಮಗಾ ಏನಂದಾನೋ ಅಂತ ನಾಲಿಗಿ ಏಳಲಿಲ್ಲ. ಅಂವ ನನ್ನ ಹೆಸರು ತಗೊಂಡಾಗರ ಏಳಬಾರದಿತ್ತಾ?"

ಮರುದಿನ ಮಗನಿಗೆ ಹೇಳಿದಳು. ಅವನು, "ಆಗಿದ್ದು ಆತು, ಬಿಡವ್ವಾ. ಹೊರಗ ಗೊತ್ತಾದ್ರ ಮಂದಿ ನಗತಾರ," ಎಂದು ಎದ್ದು ಹೋದ. ಆಕೆ ಬಿಡಲಿಲ್ಲ. ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಲಗಮಪ್ಪನ ಊರು ರನ್ನ ಬೆಳಗಲಿಗೆ ಹೋದಳು.

ಲಗಮಪ್ಪ ಮನೆಯಲ್ಲಿರಲಿಲ್ಲ. ಹೆಂಡತಿ ಶೇವಂತಿ ನೀರು ಕೊಟ್ಟಳು, ಪೂರಾ ಕೇಳಿದಳು. "ನಮ್ಮ ಕಟ್ಟಿ ಮ್ಯಾಲೆ ಹೇಳಿದ್ರ ಏನ್ ಬಂತ್ರೀ ಅವ್ವಾ? ನನ್ನ ಗಂಡ ಕಳ್ಳ ಅಲ್ಲಂತ ನನಗ ಮೊದಲಽ ಗೊತ್ತೈತಿ. ಕಳ್ಳ ಅಂದಾವ್ರು ಜಮಖಂಡ್ಯಾಗ ಅದಾರ. ಅಲ್ಲಿಂದ ಡ್ರೈವರ್ ಮಂದಿಗೆಲ್ಲ ಸುದ್ದಿ ಮುಟ್ಟೈತಿ. ಯಾರೂ ಗಾಡಿ ಕೊಡವಲ್ರು."

ಕೆಂಪವ್ವ ಅಲ್ಲಿಂದ ನೇರ ಜಮಖಂಡಿಗೆ ಹೋದಳು. ಗ್ಯಾರೇಜಿನ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, "ಆ ತೆಳ್ಳನ ಎಣ್ಣಿ ನಾ ಹಾಕೀನ್ರೀ. ಮಗ್ಗದ ಎಣ್ಣಿ. ಲಗಮಪ್ಪ ಕಳ್ಳ ಅಲ್ಲ," ಎಂದಳು.

"ಅಜ್ಜೀ, ಜೀಪಿನ್ಯಾಗ ಸೀರಿ ನೇಯೂ ವಿಚಾರ ಇತ್ತೇನ್ರೀ?" ಎಂದ ಒಬ್ಬ. ನಗೆ ಎದ್ದಿತು. ಬಂಡು ಮಾತ್ರ ನಗಲಿಲ್ಲ. "ಕಳ್ಳ ಅನ್ನೂ ಮಾತು ಮೊದಲು ನನ್ನ ಬಾಯಾಗಿಂದ ಬಂತು," ಎಂದು ಕೈ ಒರೆಸಿಕೊಂಡು ಲಗಮಪ್ಪನಿಗೆ ಫೋನು ಹಚ್ಚಿ, ಆಕೆಯ ಮುಂದೆ ಹಿಡಿದ.

ಕೆಂಪವ್ವ ಎಲ್ಲ ಹೇಳಿದಳು. "ತಿರುಗಿ ಬಾರಪ್ಪಾ. ನನ್ನ ಮಗಗ ನಾ ಹೇಳತೇನಿ," ಎಂದಳು.

"ಎಣ್ಣಿ ಹಾಕಿದ್ದಕ್ಕ ನನಗ ಸಿಟ್ಟಿಲ್ರೀ ಅವ್ವಾ. ನನ್ನ ಸಲುವಾಗೇ ಹಾಕೀರಿ," ಎಂದ ಲಗಮಪ್ಪ. "ಆದ್ರ ಅವತ್ತು ನಾ ನಿಮ್ಮ ಮಾರಿ ನೋಡಿದೆ. ನೀವು ನೋಡಲಿಲ್ಲ. ಆ ಮನಿಗೆ ನಾ ಬರಂಗಿಲ್ರೀ."

ಬಂಡು ಹತ್ತು ಮಂದಿಗೆ ಹೇಳಿ, ಮುಧೋಳದ ಒಬ್ಬರ ಗಾಡಿ ಅವನಿಗೆ ಕೊಡಿಸಿದ. ಈಗ ಬನಹಟ್ಟಿಗೂ ಬರುತ್ತಾನೆ. ನಾವು ಬಸ್ಸಿಗೆ ನಿಂತದ್ದು ಕಂಡರೆ ಗಾಡಿ ನಿಲ್ಲಿಸಿ, "ಹತ್ರೀ ಅವ್ವಾರ, ಬಿಡತೇನಿ," ಎನ್ನುತ್ತಾನೆ. ನಾನು ಹತ್ತುತ್ತೇನೆ. ಕೆಂಪವ್ವ ಮಾತ್ರ ತನಗೆ ಬೇರೆ ಕಡೆ ಕೆಲಸವಿದೆ ಎಂದು ಸೆರಗು ಹೊದ್ದು, ಬಿಸಿಲಲ್ಲೇ ನಡೆದು ಹೋಗುತ್ತಾಳೆ.