ಮೂರನೆಯ ಸಾಲು, ನಾಲ್ಕನೆಯ ಮನೆ

ಆಗ ನಮ್ಮ ಕನಕಗಿರಿಯಲ್ಲಿ ಯಾವ ಪ್ರಶ್ನೆಗೂ ಉತ್ತರ ಇರುತ್ತಿತ್ತು. ಗುರುವಾರದವರೆಗೆ ಕಾಯಬೇಕಿತ್ತು, ಅಷ್ಟೇ.

ಗುರುವಾರ ಬೆಳಗ್ಗೆ ಆರೂವರೆಗೆ ನಮ್ಮ ಮನೆಯ ಪಡಸಾಲೆಯಲ್ಲಿ ಜನ ಸೇರುತ್ತಿದ್ದರು. ಎತ್ತು ಕಳೆದುಕೊಂಡವರು, ಬಾವಿ ತೋಡಬೇಕೆಂದವರು, ಮಗಳಿಗೆ ಬಂದ ಸಂಬಂಧದ ಬಗ್ಗೆ ಮನಸ್ಸು ಗಟ್ಟಿಯಾಗದವರು. ಎಂಟಕ್ಕೆ ಅಜ್ಜ ತನ್ನ ಅರಿವೆ ಅಂಗಡಿಯ ಬಾಗಿಲು ತೆಗೆಯಬೇಕು. ಅದಕ್ಕೆ ಮೊದಲು ಎಲ್ಲ ಮುಗಿಯಬೇಕು. ಅಜ್ಜನ ಮುಂದೆ ಒಂದು ಪುಸ್ತಕ. ಊರವರು ಅದನ್ನು ಫಲದ ಪುಸ್ತಕ ಎನ್ನುತ್ತಿದ್ದರು. ಅಜ್ಜನ ಅಜ್ಜ ಕೈಯಿಂದ ಬರೆದದ್ದು. ಉಳಿದ ದಿನ ಅದು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ದೇವರ ಜಗಲಿಯ ಮೇಲೆ ಇರುತ್ತಿತ್ತು. ಬಿಚ್ಚಿದರೆ ಕರ್ಪೂರದ ವಾಸನೆ, ಹಳೆಯ ಕಾಗದದ ವಾಸನೆ, ಸ್ವಲ್ಪ ಜಿರಲೆಯದೂ. ಮೊದಲ ಪುಟದಲ್ಲಿ ಗೆರೆ ಎಳೆದು ಆರು ಸಾಲು, ಸಾಲಿಗೆ ಆರು ಚೌಕ. ಚೌಕಕ್ಕೆ ಮನೆ ಎಂದು ಹೆಸರು. ಪ್ರತಿ ಮನೆಯಲ್ಲಿ ಒಂದು ಅಂಕಿ, ಆ ಅಂಕಿಯ ಪುಟದಲ್ಲಿ ಉತ್ತರ.

ಮನೆಯ ಮೇಲೆ ಬೆರಳು ಇಡುವುದು ನನ್ನ ಕೆಲಸವಾಗಿತ್ತು. ಏಳನೆಯ ವರ್ಷಕ್ಕೆ ಶುರುವಾಯಿತು. ತಲೆಗೆ ಎರೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಕೂರಬೇಕು. ಬಂದವರು ಪ್ರಶ್ನೆ ಹೇಳಿದ ಮೇಲೆ ಕಣ್ಣು ಮುಚ್ಚಬೇಕು. ತೋರುಬೆರಳನ್ನು ಪುಟದ ಮೇಲೆ ಮೂರು ಸುತ್ತು ತಿರುಗಿಸಿ ಇಳಿಸಬೇಕು. ಅಂಕಿ ನೋಡಿ ಅಜ್ಜ ಪುಟ ತೆಗೆದು ಓದುತ್ತಿದ್ದ.

ಒಮ್ಮೆ ಒಬ್ಬ ರೈತ ಕೇಳಿದ. "ಸಾವ್ಕಾರ್ರ, ನೀವ ಯಾಕ ಬೆರಳ ಇಡಂಗಿಲ್ರಿ? ಈ ಹುಡುಗಿ ಮೂಗು ಸುದ್ದಾ ಒರೆಸ್ಕೊಂಡಿಲ್ಲ."

"ನನ್ನ ಬೆರಳಿಗೆ ಆಸಿ ಐತಿ," ಅಂದ ಅಜ್ಜ. "ಕೂಸಿನ ಬೆರಳಿಗೆ ಇಲ್ಲ. ಆಸಿ ಇಲ್ಲದ ಬೆರಳು ಎಲ್ಲಿ ಬೀಳಬೇಕೋ ಅಲ್ಲೇ ಬೀಳ್ತೈತಿ. ಜಗತ್ತಿನಾಗ ಎಲ್ಲಾ ಮೊದಲ ಹೊಂದಿಸಿ ಇಟ್ಟೈತಿ. ನಾವು ನಡುವ ಕೈ ಹಾಕದಿದ್ರ ಸಾಕು."

ನಾನು ಲಂಗದ ಅಂಚಿನಿಂದ ಮೂಗು ಒರೆಸಿಕೊಂಡೆ.

ಅಜ್ಜನ ಮನೆಯಲ್ಲಿ ಎಲ್ಲವೂ ಹೊಂದಿಸಿ ಇಟ್ಟಂತೆಯೇ ಇತ್ತು. ಐದಕ್ಕೆ ಏಳುವುದು. ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸುವುದು. ಒಂದು ಪುಟ ಶುದ್ಧಬರಹ. ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ಆಮೇಲೆ ಸಾಲಿ. ಗೋಡೆಯ ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು, ಯಾರೂ ರಿಪೇರಿ ಮಾಡಿಸಿರಲಿಲ್ಲ. ಅಜ್ಜ ಕೆಮ್ಮಿದರೆ ಐದು, ಚಪ್ಪಲಿ ಮೆಟ್ಟಿದರೆ ಎಂಟು.

ಸಂಜೆಯ ನಾಲ್ಕು ಗಂಟೆ ಮಾತ್ರ ನಮ್ಮದು. ನನ್ನದು ಮತ್ತು ನೀಲತ್ತಿಯದು.

ನೀಲತ್ತಿ ನನ್ನ ಅಪ್ಪನ ತಂಗಿ. ಆಗ ಅವಳಿಗೆ ಹತ್ತೊಂಬತ್ತು. ಏಳನೆಯ ಇಯತ್ತೆಗೆ ಸಾಲಿ ಬಿಡಿಸಿದ್ದರು. ಅಂಗಡಿಯಲ್ಲಿ ಬಟ್ಟೆ ಕಟ್ಟಿಕೊಡಲು ಅಜ್ಜ ತೂಕದ ಲೆಕ್ಕದಲ್ಲಿ ರದ್ದಿ ತರಿಸುತ್ತಿದ್ದ. ಅದರೊಳಗೆ ಹರಿದ ಪುಸ್ತಕಗಳೂ ಬರುತ್ತಿದ್ದವು. ರದ್ದಿಯ ಗಂಟು ಅಟ್ಟಕ್ಕೆ ಏರುತ್ತಿದ್ದಂತೆ ನೀಲತ್ತಿ ಅವನ್ನು ಆರಿಸಿ ಒಂದು ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ರಟ್ಟು ಕಿತ್ತು, ಮೊದಮೊದಲ ಪುಟಗಳು ಹೋಗಿ ಬಂದ ಪುಸ್ತಕಗಳು. ನಾವು ಓದಿದ ಯಾವುದಕ್ಕೂ ಮೊದಲ ಪುಟ ಇರಲಿಲ್ಲ. ಆದ್ದರಿಂದ ಒಂದು ಪದ್ಧತಿ ಬೆಳೆದಿತ್ತು. ಮೊದಲ ಪುಟವನ್ನು ನಾನು ಕಟ್ಟಿ ಹೇಳಬೇಕು. ಆಮೇಲೆ ಅವಳು ಇರುವಲ್ಲಿಂದ ಓದಬೇಕು. ನಡುವೆ ಚುರಮರಿ, ಮೇಲೆ ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಶೇಂಗಾ. ನಾನು ಉಸಿರು ಬಿಡದೆ ರಾಜ, ಮೊಸಳೆ, ಪೊಲೀಸು, ದೇವರು ಎಲ್ಲರನ್ನೂ ಮೊದಲ ಪುಟಕ್ಕೆ ತಂದು ಕೂರಿಸುತ್ತಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಒಂದು ಪುಸ್ತಕ ಆಕಾಶದ್ದು. ಭೂಮಿ ಬುಗುರಿಯಂತೆ ತಿರುಗುತ್ತದೆ, ಸೂರ್ಯನ ಸುತ್ತಲೂ ಹೋಗುತ್ತದೆ ಎಂದು ಅದರಲ್ಲಿತ್ತು. ನಾನು ಓಡಿ ಹೋಗಿ ಅಜ್ಜಿಗೆ ಹೇಳಿದೆ. ಅಜ್ಜಿ ಜೋಳ ಹಸನು ಮಾಡುತ್ತಿದ್ದಳು.

"ತಿರುಗ್ತಿದ್ರ ಬಾವ್ಯಾನ ನೀರು ಚೆಲ್ಲಬೇಕಿತ್ತಲ್ಲವಾ," ಅಂದಳು. "ಚೆಲ್ಲೈತೇನು? ಹೋಗಿ ನೋಡಿ ಬಾ. ಹೋಗೂದು ಹೆಂಗೂ ಹೋಗ್ತಿ, ಒಂದು ಕೊಡ ನೀರು ತಗೊಂಡು ಬಾ."

ನೀರು ಚೆಲ್ಲಿರಲಿಲ್ಲ. ಕೊಡ ಹೊತ್ತು ತಂದೆ.

ನನಗೆ ಒಂಬತ್ತು ತುಂಬಿದ ಬೇಸಿಗೆ. ಯುಗಾದಿ ಮುಗಿದಿತ್ತು. ಮಾಳಿಗೆಯ ಮೇಲೆ ಶ್ಯಾವಿಗೆ ಒಣಗುತ್ತಿದ್ದವು. ನನ್ನ ಕೈಗೆ ಕಾಗೆ ಓಡಿಸುವ ಕೋಲು ಕೊಟ್ಟಿದ್ದರು. ಒಂದು ಸೋಮವಾರ ಕಾರಟಗಿಯಿಂದ ನೀಲತ್ತಿಯನ್ನು ನೋಡಲು ಬಂದರು. ಭತ್ತದ ವ್ಯಾಪಾರದ ಮನೆತನ. ಹುಡುಗ ತೆಳ್ಳಗಿದ್ದ, ಕನ್ನಡಕ ಹಾಕಿದ್ದ. ಉಪ್ಪಿಟ್ಟು ಮುಗಿದ ಮೇಲೆ ಅವನೇ ಮಾತು ತೆಗೆದ.

"ಏನ್ ಓದೀರಿ?"

"ಏಳನೇ ಇಯತ್ತೆರಿ," ಅಂದಳು ನೀಲತ್ತಿ ನೆಲ ನೋಡುತ್ತ.

"ಸಾಲಿದಲ್ರಿ. ಮನ್ಯಾಗ ಏನ್ ಓದ್ತೀರಿ ಅಂತ ಕೇಳಿದೆ."

ನೀಲತ್ತಿ ತಲೆ ಎತ್ತಿದಳು. "ಸಿಕ್ಕಿದ್ದು ಓದ್ತೀನ್ರಿ. ಯಾವುದಕ್ಕೂ ಮೊದಲ ಪುಟ ಇರಂಗಿಲ್ಲ."

ಅವನು ನಕ್ಕ. "ನಮ್ಮ ಮನ್ಯಾಗ ಒಂದು ಕಪಾಟು ತುಂಬ ಪುಸ್ತಕ ಅದಾವ್ರಿ. ಎಲ್ಲಕ್ಕೂ ಮೊದಲ ಪುಟ ಐತಿ."

ಬಂದವರು ಒಪ್ಪಿಗೆ ಹೇಳಿಯೇ ಹೋದರು. ಶುಕ್ರವಾರದೊಳಗೆ ಹೇಳಿ ಕಳಿಸುತ್ತೇನೆ ಎಂದ ಅಜ್ಜ. ನಡುವೆ ಗುರುವಾರ ಇತ್ತು.

ಮರುದಿನ ನಾಲ್ಕಕ್ಕೆ ಅಟ್ಟದಲ್ಲಿ ಕೇಳಿದೆ. "ಅತ್ತಿ, ನೀ ಹೋಗ್ತೀಯೇನು?"

"ಅಪ್ಪನ ಪುಸ್ತಕ ಹೂಂ ಅಂದ್ರ ಹೋಗ್ತೀನಿ."

"ನಾ ಯಾರ ಜೋಡಿ ಓದ್ಲಿ?"

"ಸಾಲಿ ಸೂಟಿ ಬಿಟ್ಟಾಗ ಬಾ ನೀನೂ. ಕಪಾಟು ನೋಡಿದ್ಯಂದ್ರ ತಿರುಗಿ ಬರಂಗಿಲ್ಲ ನೋಡು." ಅವಳು ಚುರಮರಿ ಮುಕ್ಕುತ್ತ ನಗುತ್ತಿದ್ದಳು. ಆ ದಿನ ನನ್ನಿಂದ ಮೊದಲ ಪುಟ ಕೇಳುವುದನ್ನು ಮರೆತಳು.

ಈಗ ಒಂದು ವಿಷಯ ಹೇಳಬೇಕು. ಎರಡು ವರ್ಷ ಬೆರಳು ಇಟ್ಟು ಇಟ್ಟು ನನಗೆ ಆ ಪುಟ ಬಾಯಿಪಾಠವಾಗಿತ್ತು. ಪ್ರಯತ್ನಪಟ್ಟು ಕಲಿತದ್ದಲ್ಲ, ಮಗ್ಗಿಯ ಹಾಗೆ ತಾನಾಗಿ ಕೂತದ್ದು. ಮೂರನೆಯ ಸಾಲಿನ ನಾಲ್ಕನೆಯ ಮನೆಯ ಮೇಲೆ ಎಂದೋ ದೀಪದ ಎಣ್ಣೆ ಬಿದ್ದು ಕಾಗದ ನುಣುಪಾಗಿತ್ತು. ಕಣ್ಣು ಮುಚ್ಚಿದರೂ ಬೆರಳಿಗೆ ತಿಳಿಯುತ್ತಿತ್ತು. ಆ ಮನೆಯ ಉತ್ತರ ಎಲ್ಲಕ್ಕಿಂತ ಕೆಟ್ಟದ್ದು. ಮುಂದೆ ತಡೆ ಇದೆ, ಹೆಜ್ಜೆ ಇಡಬೇಡ ಎಂಬ ಅರ್ಥದ ನಾಲ್ಕು ಸಾಲು.

ಗುರುವಾರ ಹೊರಗಿನವರನ್ನೆಲ್ಲ ಏಳೂವರೆಗೆ ಕಳಿಸಿ ಅಜ್ಜ ಮನೆಯವರನ್ನು ಕರೆದ. ಅಪ್ಪ, ಅವ್ವ, ಅಜ್ಜಿ ಕೂತರು. ನೀಲತ್ತಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತಳು. ಅವಳ ಬಲಗಾಲಿನ ಬೆರಳುಗಳು ಮಾತ್ರ ಹೊಸ್ತಿಲ ಬಳಿ ಕಾಣುತ್ತಿದ್ದವು. ಅಜ್ಜ ಪ್ರಶ್ನೆ ಹೇಳಿದ. ನಾನು ಕಣ್ಣು ಮುಚ್ಚಿದೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಬೆರಳು ಒರಟು ಕಾಗದದ ಮೇಲೆ ಇಳಿಯಿತು. ಅಲ್ಲಿಂದ ಒಂದಿಷ್ಟು ಸರಿಯಿತು. ನುಣುಪು ಸಿಕ್ಕಿತು. ನಿಂತಿತು.

ಅಜ್ಜ ಪುಟ ತೆಗೆದು ಓದಿದ. ದನಿ ಏರಲಿಲ್ಲ, ಇಳಿಯಲಿಲ್ಲ.

"ಇನ್ನೊಮ್ಮಿ ಇಡಸ್ರಿ," ಅಂದಳು ಅಜ್ಜಿ. "ಹುಡುಗಿ ನಿದ್ದಿಗಣ್ಣಾಗ ಇದ್ದಾಳ. ಛಲೋ ಮನೆತನ ಅದು."

"ಒಂದು ಪ್ರಶ್ನಿ ಎರಡು ಸಲ ಕೇಳಿದ್ರ ಅದು ಕೇಳಿದಂಗ ಅಲ್ಲ, ಕಾಡಿದಂಗ," ಅಂದ ಅಜ್ಜ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿದ. ಚಪ್ಪಲಿ ಮೆಟ್ಟಿದ. ಎಂಟಾಯಿತು.

ಹೊಸ್ತಿಲ ಬಳಿಯ ಬೆರಳುಗಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಆಮೇಲೆ ನೀಲತ್ತಿ ಮಾಳಿಗೆ ಹತ್ತಿ ಶ್ಯಾವಿಗೆ ತಿರುವಿ ಹಾಕಿದಳು.

ನಾಲ್ಕಕ್ಕೆ ಸರಿಯಾಗಿ ಅಟ್ಟಕ್ಕೆ ಬಂದಳು. ಚುರಮರಿ ತಂದಿದ್ದಳು, ಉಳ್ಳಾಗಡ್ಡಿಯನ್ನೂ. ಪುಸ್ತಕ ತೆಗೆದು ಎಂಟು ಪುಟ ಓದಿದಳು. ನಗುವ ಜಾಗ ಬಂತು, ಓದಿಕೊಂಡು ಮುಂದೆ ಹೋದಳು. ಅಳುವ ಜಾಗ ಬಂತು, ಅದನ್ನೂ ದಾಟಿದಳು. ಮೊದಲ ಪುಟ ಕೇಳಲಿಲ್ಲ. ನಾನು ಗೆದ್ದಿದ್ದೆ. ನನ್ನ ಎದುರಿಗೆ ಕೂತದ್ದು ನೀಲತ್ತಿಯೇ. ಆದರೂ ಏನು ಬೇಕಾಗಿತ್ತೋ ಅದು ಅಲ್ಲಿ ಇರಲಿಲ್ಲ. ಆ ಬೇಸಿಗೆ ಪೂರ್ತಿ ದಿನಕ್ಕೆ ಎಂಟು ಪುಟ ಓದಿದೆವು. ನಾನು ಅಳಲಿಲ್ಲ, ಹೆದರಲಿಲ್ಲ, ಯಾರಿಗೂ ಹೇಳಲಿಲ್ಲ. ಶ್ಯಾವಿಗೆ ಒಣಗಿದವು, ಡಬ್ಬಿ ತುಂಬಿದೆವು.

ಮುಂದಿನ ಗುರುವಾರ ಅಜ್ಜ ನನ್ನ ಜಾಗದಲ್ಲಿ ಚಿಕ್ಕಪ್ಪನ ಐದು ವರ್ಷದ ಮಗಳನ್ನು ಕೂರಿಸಿದ.

"ಯಾಕಜ್ಜಾ?"

"ನಿನ್ನ ಬೆರಳಿಗೆ ಓದಾಕ ಬಂತವಾ," ಅಂದ.

ಅವನಿಗೆ ತಿಳಿದಿತ್ತೋ, ವಯಸ್ಸಾಯಿತೆಂದು ಹಾಗೆ ಅಂದನೋ, ಗೊತ್ತಿಲ್ಲ. ತಿಳಿದಿದ್ದರೂ ಅವನು ಮತ್ತೆ ಕೇಳುವವನಲ್ಲ. ಸಾವ್ಕಾರ್ರ ಮಗಳಿಗೆ ಪುಸ್ತಕದಲ್ಲೇ ತಡೆ ಬಂದಿದೆಯಂತೆ ಎಂಬ ಮಾತು ಊರಲ್ಲಿ ಹರಡಿತು. ಆಮೇಲೆ ಎರಡು ಸಂಬಂಧ ಬಂದವು, ಮಾತು ಕೇಳಿ ಹಿಂದೆ ಸರಿದವು. ಮೂರನೆಯದು ಬರಲಿಲ್ಲ. ನೀಲತ್ತಿ ಹೊಲಿಗೆ ಮಷಿನ್ನಿನ ಮುಂದೆ ಕೂತಳು. ಚಿಕ್ಕಪ್ಪನ ಮಕ್ಕಳನ್ನು ಬೆಳೆಸಿದಳು. "ನನ್ನ ದಾರಿ ಹಂಗ ಬರೆದಿತ್ತು," ಎಂದು ಯಾರು ಕೇಳಿದರೂ ಹೇಳುತ್ತಿದ್ದಳು. ಹೇಳುವಾಗ ಅವಳಿಗೆ ಸಮಾಧಾನವಿತ್ತು. ಆ ಸಮಾಧಾನ ನನ್ನ ಬೆರಳಿನಿಂದ ಹುಟ್ಟಿದ್ದು ಎಂದು ಹೇಳಿ ಅದನ್ನೂ ಕಸಿಯುವುದು ಹೇಗೆ? ಹೀಗೆಂದುಕೊಂಡು ಸುಮ್ಮನಿದ್ದೆ. ಸುಮ್ಮನಿರುವುದು ನನಗೂ ಅನುಕೂಲವಾಗಿತ್ತು.

ನಾನು ಓದಿದೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊನೆಗೆ ಕೊಪ್ಪಳದ ಸಾಲಿಗಳಲ್ಲಿ ನಿವೃತ್ತಿಯವರೆಗೂ ವಿಜ್ಞಾನ ಕಲಿಸಿದೆ. ಭೂಮಿ ತಿರುಗಿದರೂ ಬಾವಿಯ ನೀರು ಏಕೆ ಚೆಲ್ಲುವುದಿಲ್ಲ ಎಂದು ಪ್ರತಿ ವರ್ಷ ಹೇಳಿಕೊಟ್ಟೆ. ಗಂಟೆ ಬಾರಿಸುವ ಮೊದಲೇ ತರಗತಿಯಲ್ಲಿ ಇರುತ್ತಿದ್ದೆ. ನಾಲ್ಕು ವರ್ಷದ ಹಿಂದೆ ನೀಲತ್ತಿಯನ್ನು ಕೊಪ್ಪಳದ ನನ್ನ ಮನೆಗೆ ಕರೆದುಕೊಂಡು ಬಂದೆ. ಅವಳ ಟ್ರಂಕಿನಲ್ಲಿ ಎರಡು ಸೀರೆಯ ನಡುವೆ ಕೆಂಪು ಬಟ್ಟೆಯ ಗಂಟೂ ಬಂತು. ಚಿಕ್ಕಪ್ಪನ ಮನೆಯಲ್ಲಿ ಯಾರಿಗೂ ಬೇಡವಾಗಿತ್ತಂತೆ.

ಅವಳ ಒಂದು ಕಣ್ಣು ಆಗಲೇ ಹೋಗಿತ್ತು. ಹೋದ ವರ್ಷ ಇನ್ನೊಂದರ ಪೊರೆ ಬಲಿಯಿತು. ಆಪರೇಷನ್ ಮಾಡಿದರೆ ಕಾಣಬಹುದು, ಸಕ್ಕರೆ ಕಾಯಿಲೆ ಇರುವುದರಿಂದ ಇರುವುದೂ ಹೋಗಬಹುದು ಎಂದರು ಡಾಕ್ಟರು. ಒಂದು ಬೆಳಗ್ಗೆ ಚಹಾ ಕುಡಿದು ಅವಳು ಅಂದಳು.

"ಸರೂ, ಆ ಪುಸ್ತಕ ತಗಿ. ಬೆರಳು ಇಡು."

"ಅತ್ತಿ, ನಾ ಎಪ್ಪತ್ತರ ಮುದುಕಿ."

"ನನಗಿಂತ ಸಣ್ಣಾಕಿ ಅದೀ ಹೌದಿಲ್ಲೋ? ಇಡು."

ತೆಗೆದೆ. ಕರ್ಪೂರದ ವಾಸನೆ ಹೋಗಿತ್ತು, ಜಿರಲೆಯದು ಉಳಿದಿತ್ತು. ಕಣ್ಣು ಮುಚ್ಚಿದೆ. ಈ ಸಲ ಎಲ್ಲಿ ಬೀಳುತ್ತದೋ ಬೀಳಲಿ ಎಂದು ನಿಜವಾಗಿಯೂ ಅಂದುಕೊಂಡೆ. ಮೂರು ಸುತ್ತು ತಿರುಗಿಸಿ ಇಳಿಸಿದೆ. ಬೆರಳಿನ ಕೆಳಗೆ ಕಾಗದ ನುಣುಪಾಗಿತ್ತು.

"ಏನ್ ಬಂತು?" ಅಂದಳು. ಅವಳಿಗೆ ಪುಟ ಕಾಣುತ್ತಿರಲಿಲ್ಲ. ಯಾವ ಉತ್ತರ ಬೇಕಾದರೂ ಓದಬಹುದಿತ್ತು.

"ಏನೂ ಬರಲಿಲ್ಲ. ನನ್ನ ಬೆರಳಿಗೆ ಓದಾಕ ಬರ್ತೈತಿ ಅತ್ತಿ. ಕಣ್ಣು ಮುಚ್ಚಿದ್ರೂ ಬರ್ತೈತಿ. ಮೂರನೇ ಸಾಲಿನ ನಾಕನೇ ಮನ್ಯಾಗ ಎಣ್ಣಿ ಬಿದ್ದು ನುಣುಪ ಆಗೈತಿ."

ಹೊರಗೆ ನೀರಿನ ಟ್ಯಾಂಕರು ಹೋಯಿತು.

"ಅವತ್ತೂ ಅದ ಮನಿ ಏನು?" ಅಂದಳು.

"ಹೂಂ. ಅವತ್ತೂ ಅದ. ಹುಡುಕಿ ಇಟ್ಟೆ."

ಅವಳ ಮುಖದಲ್ಲಿ ಏನಾದರೂ ಆಗುತ್ತದೆಂದು ಕಾದೆ. ನನ್ನೊಳಗೂ ಕಾದೆ. ಎರಡೂ ಕಡೆ ಏನೂ ಆಗಲಿಲ್ಲ.

"ಗುಳಿಗಿ ಹೊತ್ತಾತೇನು?" ಅಂದಳು.

ಒಂಬತ್ತಾಗಿತ್ತು. ಗುಳಿಗೆ ಕೊಟ್ಟೆ. ನೀರು ಕುಡಿದು, ಲೋಟ ಕೊಡುತ್ತ, "ಡಾಕ್ಟರಿಗೆ ಹೂಂ ಅನ್ನು," ಅಂದಳು.

ಆಪರೇಷನ್ ಆಗಿ ಕಣ್ಣಿಗೆ ದೃಷ್ಟಿ ಬಂತು. ಪಟ್ಟಿ ಬಿಚ್ಚಿ ಹತ್ತು ದಿನಕ್ಕೆ ಅವಳೇ ಕೆಂಪು ಬಟ್ಟೆ ಬಿಚ್ಚಿ, ಮೊದಲ ಪುಟ ತೆಗೆದು, ಆ ಮನೆಯ ಮೇಲೆ ಹೆಬ್ಬೆರಳು ಆಡಿಸಿದಳು. "ಹೌದು, ನುಣುಪೈತಿ," ಅಂದಳು. ಗಂಟು ಕಟ್ಟಿ ಟ್ರಂಕಿಗೆ ಹಾಕಿದಳು. ಆ ಮಾತು ಮತ್ತೆ ಬಂದಿಲ್ಲ.

ನಾನು ಕೊಪ್ಪಳದ ಅಂಗಡಿಯಿಂದ ಅವಳಿಗೆ ಹೊಸ ಪುಸ್ತಕಗಳನ್ನು ತಂದುಕೊಟ್ಟೆ. ನಾಲ್ಕಕ್ಕೆ ವರಾಂಡದಲ್ಲಿ ಕೂತು ಗಟ್ಟಿಯಾಗಿ ಓದುತ್ತಾಳೆ. ಎಲ್ಲಕ್ಕೂ ಮೊದಲ ಪುಟ ಇದೆ. ಅವಳು ಅದನ್ನು ಮಗುಚಿ ಎರಡನೆಯದರಿಂದ ಶುರು ಮಾಡುತ್ತಾಳೆ. ಕೆಲವು ದಿನ ನೋಡಿ ಕೇಳಿದೆ.

"ಮೊದಲಿಂದು ಯಾಕ ಬಿಡ್ತಿ?"

"ಅದನ್ನ ಕಟ್ಟಿ ಹೇಳಾಕ ನೀ ಅದಿಯಲ್ಲ," ಅಂದಳು. ತಮಾಷೆಗೋ, ರೂಢಿಗೋ, ಬೇರೆ ಯಾವುದಕ್ಕೋ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಕಾದಳು.

ಒಂಬತ್ತರ ಪ್ರಾಯದಲ್ಲಿ ಯಾವ ಪುಸ್ತಕಕ್ಕಾದರೂ ಒಂದೇ ಉಸಿರಿನಲ್ಲಿ ಆರಂಭ ಕಟ್ಟುತ್ತಿದ್ದೆ. ರಾಜ, ಮೊಸಳೆ, ಪೊಲೀಸು, ದೇವರು. ಬಾಯಿ ತೆರೆದೆ. ಒಬ್ಬರೂ ಬರಲಿಲ್ಲ. ಅವಳು ಕಾಯುತ್ತಲೇ ಇದ್ದಳು.

ಗಡಿಯಾರ ನೋಡಿದೆ. ನಾಲ್ಕು ಹೊಡೆದು ಐದು ನಿಮಿಷವಾಗಿತ್ತು.

"ಎರಡನೇದರಿಂದ ಓದು ಅತ್ತಿ," ಅಂದೆ.