ಮಾಡು ಮುಟ್ಟದ ಹಲಗೆಗೋಡೆ

ನನ್ನ ಅಪ್ಪ ಹೊಡೆಯುವುದರಲ್ಲೂ ಶಿಸ್ತಿನ ಮನುಷ್ಯ. ಅಮ್ಮನ, ನಮ್ಮ ಮಾತಿನಲ್ಲಿ ಆಯಿಯ, ಬೆನ್ನು, ಸೊಂಟ, ತೋಳಿನ ಮೇಲ್ಭಾಗ, ಅಂದರೆ ಸೀರೆ ರವಿಕೆ ಮುಚ್ಚುವ ಕಡೆಗೆ ಮಾತ್ರ ಹೊಡೆಯುತ್ತಿದ್ದ. ಮುಖ ಮುಟ್ಟುತ್ತಿರಲಿಲ್ಲ. ಕುಮಟೆಯ ನಮ್ಮ ಮನೆಯದು ಮೊಳ ದಪ್ಪದ ಚಿರೆಕಲ್ಲಿನ ಗೋಡೆ. ಹಾಗಾಗಿ ನೆರೆಯವರ ಪಾಲಿಗೆ ಅಪ್ಪ ಸಭ್ಯ, ಮಿತಭಾಷಿ. ಈಗಲೂ ಯಾರಾದರೂ ಅವನನ್ನು ಹೊಗಳಿದರೆ ನನಗೆ ಮೈ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು, ನನಗೆ ಎಂಟು. ಮಾವಳ್ಳಿಯ ಅಜ್ಜಿಮನೆಯಲ್ಲಿ ಚಿಕ್ಕಮ್ಮನ ಮದುವೆ. ಅಪ್ಪ ಗೆಳೆಯನ ಕಾರು ಎರವಲು ತಂದ. ನಾವು ಮೂವರೇ ಹೊರಟೆವು. ದಿಬ್ಬಣ ಎದುರುಗೊಳ್ಳುವ ಆರತಿ ತನ್ನ ಕೈಯದು ಎಂದು ಆಯಿ ಹದಿನೈದು ದಿನದಿಂದ ಹೇಳಿಕೊಂಡು ತಿರುಗುತ್ತಿದ್ದಳು. ಅಜ್ಜಿಗೆ ಅಪ್ಪನ ಮೇಲೆ ಮೊದಲಿನಿಂದಲೂ ಅನುಮಾನ. ಆದರೆ ಕಣ್ಣಿಗೆ ಕಾಣುವ ಗುರುತು ಎಂದೂ ಸಿಕ್ಕಿರಲಿಲ್ಲ.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಕಾರು ಏರಿಸಿ ದಾಟಬೇಕು, ಅದೂ ಕತ್ತಲಾಗುವುದರೊಳಗೆ. ಹಳದೀಪುರದಲ್ಲಿ ಆಯಿ ತನ್ನ ತಂಗಿಗೆ ಹೂವು ಬೇಕೆಂದು ಕಾರು ನಿಲ್ಲಿಸಿದಳು. ಹೂ ಕಟ್ಟುವವಳಿಗೆ ಯಾವ ಅವಸರವೂ ಇರಲಿಲ್ಲ. ನಾವು ಹೊನ್ನಾವರದ ಹೊಳೆದಂಡೆಯ ದಕ್ಕೆಗೆ ಬಂದಾಗ ಕೊನೆಯ ಜಂಗಲ್ ಹೊಳೆಯ ನಡುವೆ ಇತ್ತು. ಅಪ್ಪ ಆಯಿಯ ಮಡಿಲಲ್ಲಿದ್ದ ಹೂವಿನ ಪೊಟ್ಟಣವನ್ನೊಮ್ಮೆ ನೋಡಿ ಕಾರು ತಿರುಗಿಸಿದ.

ಹತ್ತಿರದ ಖಾನಾವಳಿಯ ಮಹಡಿಯಲ್ಲಿ ಕೋಣೆ ಸಿಕ್ಕಿತು. ಕೋಣೆ ಎಂದು ಹೆಸರಿಗೆ ಮಾತ್ರ. ಉದ್ದನೆಯ ಒಂದೇ ಹಜಾರಕ್ಕೆ ಹಲಗೆ ಹೊಡೆದು ಆರು ಭಾಗ ಮಾಡಿದ್ದರು. ಹಲಗೆ ಆಳೆತ್ತರಕ್ಕೆ ನಿಂತುಬಿಟ್ಟಿತ್ತು, ಮೇಲಿನ ಹೆಂಚಿನ ಮಾಡು ಮುಟ್ಟುತ್ತಿರಲಿಲ್ಲ. ಪಕ್ಕದವರು ಅಡಿಕೆ ಕತ್ತರಿಸುವುದೂ ಕೇಳುತ್ತಿತ್ತು. ಜೀವನವಿಡೀ ದಪ್ಪ ಗೋಡೆಯೊಳಗೆ ಹೊಡೆದವನು ಮೇಲೆ ಯಾಕೆ ನೋಡುತ್ತಾನೆ?

ಬಾಗಿಲು ಹಾಕಿದವನೇ ಹೂವಿನ ಪೊಟ್ಟಣ ಕಿತ್ತು ನೆಲಕ್ಕೆಸೆದು ಮೆಟ್ಟಿದ. ಆಯಿ ಹೆಕ್ಕಲು ಬಗ್ಗಿದಳು. ಬೆನ್ನಿಗೆಂದು ಬೀಸಿದ ಕೈ, ಅವಳು ತಲೆಯೆತ್ತಿದ್ದರಿಂದ, ಮುಖಕ್ಕೆ ಬಿತ್ತು. ತಪ್ಪಿತೆಂದು ಅವನೇನೂ ನಿಲ್ಲಿಸಲಿಲ್ಲ. ತುರುಬು ಹಿಡಿದು ಅವಳ ಹಣೆಯನ್ನು ಮಂಚದ ಅಂಚಿಗೆ ಎರಡು ಸಲ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಆಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಮ್ಮ ಮನೆಯ ರೂಢಿ ಅದು, ಹೊಡೆತ ತಿಂದವರು ಸದ್ದು ಮಾಡಬಾರದು.

ಹಲಗೆಯ ಆ ಕಡೆಯಿಂದ ಯಾರೋ ಗುದ್ದಿದರು. ವಯಸ್ಸಾದ ಹೆಂಗಸಿನ ದನಿ.

"ಎಂತ ಅದು? ಎಂತ ಆತು ಅಲ್ಲಿ?"

ಅಪ್ಪನ ಕೈ ಎತ್ತಿದಲ್ಲೇ ನಿಂತಿತು. ಅವನು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಮಾಡಿನ ಕಡೆ ಮುಖಮಾಡಿ ಗಟ್ಟಿಯಾಗಿ ಹೇಳಿಬಿಟ್ಟೆ: "ಅಪ್ಪ ಆಯಿಗೆ ಹೊಡೀತಾ ಇದ್ದ."

ನನ್ನ ಕೆನ್ನೆಗೆ ಏಟು ಬಿತ್ತು. ಹೊಡೆದದ್ದು ಆಯಿ. ಅದುವರೆಗೆ ಅವಳು ನನ್ನ ಮೇಲೆ ಕೈ ಎತ್ತಿದವಳಲ್ಲ.

"ಹುಡುಗಿ ಸುಳ್ಳು ಹೇಳ್ತದೆ," ಎಂದು ಆಯಿ ಹಲಗೆಗೆ ಹೇಳಿದಳು. "ನಾನು ಜಾರಿ ಬಿದ್ದೆ. ಎಂತ ಇಲ್ಲ."

"ಸುಳ್ಳೋ ಖರೆಯೋ, ನಾ ಬೆಳಗಿನ ತನಕ ಎಚ್ಚರ ಇರ್ತೆ," ಎಂದಿತು ಆ ದನಿ.

ಮಾತಿಗೆ ತಪ್ಪಲಿಲ್ಲ ಆ ಮುದುಕಿ. ಆಗಾಗ ಬೇಕೆಂದೇ ಕೆಮ್ಮುತ್ತಿದ್ದಳು. ಅಪ್ಪ ಗೋಡೆಗೆ ಮುಖಮಾಡಿ ಮಲಗಿದ.

ಬೆಳಿಗ್ಗೆ ಜಂಗಲ್ ಮೇಲೆ ಆಯಿ ನನ್ನನ್ನು ಬದಿಗೆ ಕರೆದು ಪಾಠ ಹೇಳಿಕೊಟ್ಟಳು. ನಾನು ಮೂರು ಸಲ ಒಪ್ಪಿಸಿದೆ.

ಮಾವಳ್ಳಿಯಲ್ಲಿ ಅಜ್ಜಿ ಮಗಳ ಬಾತ ಮುಖ ನೋಡಿದಳು. ಗಾಯದ ಮುಖದಲ್ಲಿ ಆರತಿ ಹಿಡಿಯಬಾರದೆಂದು ತಟ್ಟೆಯನ್ನು ಬೇರೆಯವರಿಗೆ ಕೊಟ್ಟು, ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದೊಯ್ದಳು.

"ಖರೆ ಹೇಳು ಕೂಸೆ. ಅವ ಹೊಡದ್ನ? ಹೊಡದ್ದು ಹೌದಾದ್ರೆ ಆನು ನಿನ್ನ ಆಯಿನ ವಾಪಸ್ ಕಳಸ್ತ್ನಿಲ್ಲೆ."

ನನ್ನ ಕೆನ್ನೆ ಇನ್ನೂ ಉರಿಯುತ್ತಿತ್ತು.

"ಇಲ್ಲೆ ಅಜ್ಜಿ. ಆಯಿ ಜಂಗಲ್ ಹಲಗೆ ಮೇಲೆ ಜಾರಿ ಬಿತ್ತು."

ಅಜ್ಜಿ ನಂಬಿದಳು. ನಾನು ಸುಳ್ಳು ಹೇಳುವ ಮಗುವಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಮೂರನೆಯ ದಿನ ಅಪ್ಪ ಕಾರಿನ ಬಾಗಿಲು ತೆರೆದು ಹಿಡಿದ, ಆಯಿ ಹತ್ತಿದಳು. ಹೊನ್ನಾವರದಲ್ಲಿ ನಾನು ಖಾನಾವಳಿಯ ಮಹಡಿಯ ಕಿಟಕಿಗಳನ್ನು ನೋಡಿದೆ, ಯಾರೂ ಇರಲಿಲ್ಲ. ಕುಮಟೆ ಮುಟ್ಟಿದ ಮೇಲೆ ಅಪ್ಪ ಒಳಗಿನಿಂದ ಚಿಲಕ ಹಾಕಿ, ಜಾಣೆ ಎಂದು ನನ್ನ ತಲೆ ಸವರಿದ. ಆಮೇಲೆ ಆಯಿಯ ಕಡೆ ತಿರುಗಿದ.